ಗಾರೆಯೊಳಗಿನ ಆನೆ

ಫೆಬ್ರುವರಿಯ ಮೊದಲ ಭಾನುವಾರ ಮಾಗಡಿ ತಾಲ್ಲೂಕಿನ ಹಳೆಯ ಕೋಟೆಯೊಂದರಲ್ಲಿ ನನ್ನ ಅಮ್ಮ ಗೋಡೆ ಸವರುತ್ತಾ ಒಂದು ಆನೆಯನ್ನು ಹುಡುಕುತ್ತಿದ್ದರು. ಚಿಕ್ಕಂದಿನಲ್ಲಿ ಅಲ್ಲಿ ದನ ಮೇಯಿಸುವಾಗ ಅವರು ದಿನವೂ ಮುಟ್ಟುತ್ತಿದ್ದ ಕಲ್ಲಿನ ಕೆತ್ತನೆ ಅದು. ಮೊಮ್ಮಗಳಿಗೆ ಅದನ್ನು ತೋರಿಸಲೆಂದೇ ಮಂಡಿನೋವನ್ನೂ ಲೆಕ್ಕಿಸದೆ ನಮ್ಮನ್ನೆಲ್ಲ ಬಿಡದಿಯಿಂದ ಹೊರಡಿಸಿದ್ದರು.

ನಾವು ಕಂಡದ್ದು ಕಲ್ಯಾಣ ಮಂಟಪದ ಕಾಂಪೌಂಡಿನಂಥ ಗೋಡೆ. ಬುಡದಿಂದ ತುದಿಯವರೆಗೆ ನುಣುಪಾದ ಸಿಮೆಂಟ್ ಗಾರೆ, ಅದರ ಮೇಲೆ ಕೆನೆ ಬಣ್ಣ. ಇದಕ್ಕೆ ಜೀರ್ಣೋದ್ಧಾರ ಎಂದು ಹೆಸರು.

“ಇಲ್ಲೊಂದು ಆನೆ ಇತ್ತಲ್ಲಪ್ಪಾ, ಏನಾಯ್ತು?” ಎಂದು ಅಮ್ಮ ಕೆಲಸದ ಉಸ್ತುವಾರಿಯವನನ್ನು ಕೇಳಿದರು.

“ಒಳಗೇ ಐತೆ ಕಣಮ್ಮ, ಎಲ್ಲೂ ಓಗಿಲ್ಲ. ಇನ್ಮೇಲೆ ಒಂದು ಹನಿ ಮಳೆನೂ ತಾಕಕಿಲ್ಲ. ಸೇಫಾಗೈತೆ,” ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

“ಹೂತಾಕ್ಬುಟ್ಟು ಸೇಫಾಗೈತೆ ಅಂತೀಯಲ್ಲಪ್ಪ! ನೋಡೋದೆಂಗೆ?”

“ಆನೆ ತಾನೆ, ಮೈಸೂರು ಝೂನಲ್ಲಿ ಬೇಕಾದಷ್ಟವೆ,” ಎಂದು ಅವನು ನಕ್ಕ.

ಅಮ್ಮ ಗೋಡೆಯ ಒಂದು ಜಾಗಕ್ಕೆ ಬೆರಳಿಟ್ಟು, ಆನೆ ಇದ್ದದ್ದು ಇಲ್ಲೇ ಎಂದು ಮೊಮ್ಮಗಳಿಗೆ ತೋರಿಸಿದರು. ನನ್ನ ಮಗಳು ಗೋಡೆಯನ್ನು ನೋಡಿದಳು, ಆಮೇಲೆ ಅಜ್ಜಿಯ ಮುಖ ನೋಡಿದಳು.

“ನಿಜವಾಗ್ಲೂ ಇತ್ತಾ ಅಜ್ಜಿ?”

ಅಮ್ಮ ಗೋಡೆಯಿಂದ ಬೆರಳು ತೆಗೆದು ಕಾರಿನತ್ತ ನಡೆದರು.

ಕಳೆದ ವಾರ ನಾನು ಅದೇ ದಾರಿಯಲ್ಲಿ ಹೋಗಿದ್ದೆ. ಗೋಡೆ ಹಳೆಯದರಂತೆ ಕಾಣಲೆಂದು ಗಾರೆಯ ಮೇಲೆ ಕಪ್ಪು ಬಣ್ಣದಲ್ಲಿ ಕಲ್ಲುಗಳ ಚಿತ್ರ ಬರೆಯುತ್ತಿದ್ದಾರೆ. ಅರ್ಧ ಗೋಡೆ ಮುಗಿದಿದೆ.