ಎಣಿಕೆಗೆ ಸೇರಿದ ಇಪ್ಪತ್ತಮೂರನೇ ತಲೆ

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮನೆಯ ಪಕ್ಕದ ಇಕ್ಕಟ್ಟು ಜಾಗದಲ್ಲಿ ಒಂದರ ಹಿಂದೊಂದು ನಿಂತಿರುವ ಎರಡು ಹಳದಿ ವ್ಯಾನುಗಳ ಸುತ್ತ ಒಂದು ಟಾರ್ಚಿನ ಬೆಳಕು ಓಡಾಡುತ್ತಿದೆ. ಮೊದಲು ಚಕ್ರಗಳ ಬಳಿ ಕೂರುತ್ತದೆ, ಆಮೇಲೆ ಒಳಗೆ ಹತ್ತುತ್ತದೆ, ಒಂದೊಂದೇ ಸೀಟಿನ ಕೆಳಗೆ ಬಗ್ಗಿ ನೋಡುತ್ತದೆ. ಇವತ್ತು ಸಿಕ್ಕಿದ್ದು ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಬಿಸ್ಕತ್ತು, ಕಾಗದದಲ್ಲಿ ಸುತ್ತಿಟ್ಟ ಒಂದು ಹಾಲುಹಲ್ಲು.

ಹಲ್ಲನ್ನು ಅಂಗೈಯಲ್ಲಿಟ್ಟು ಬೆಳಕು ಬಿಟ್ಟು ನೋಡಿದವರು, ‘ಆರನೇ ಸ್ಟಾಪಿನವನದು’ ಎಂದು ತೀರ್ಪು ಕೊಡುತ್ತಾರೆ. ‘ಮೂರು ದಿನದಿಂದ ನಾಲಗೇಲಿ ಅಲ್ಲಾಡಿಸ್ತಾನೇ ಇದ್ದ. ಅವರಮ್ಮನಿಗೆ ಕೊಡ್ಬೇಕು, ಇಲ್ಲಾಂದ್ರೆ ಮನೆ ಎಲ್ಲಾ ಹುಡುಕಿಸ್ತಾನೆ.’ ಹಲ್ಲು ಮತ್ತೆ ಕಾಗದದೊಳಕ್ಕೆ, ಕಾಗದ ತಗಡಿನ ಡಬ್ಬಿಯೊಳಕ್ಕೆ.

ಗಾಜುಗಳ ಮೇಲಿನ ಇಬ್ಬನಿ ಒರೆಸಿ, ಸೀಟುಬೆಲ್ಟುಗಳನ್ನು ಒಂದೊಂದಾಗಿ ಎಳೆದು ನೋಡಿ, ಕೊನೆಗೆ ಚಾಲಕರ ಸೀಟಿನಲ್ಲಿ ಕೂರುತ್ತಾರೆ. ಕೀಲಿ ತಿರುಗಿಸುವ ಮುಂಚೆ ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ತುಟಿ ಅಲ್ಲಾಡುತ್ತದೆ. ಹತ್ತಿರ ಕಿವಿಗೊಟ್ಟರೆ ಮಾತು ಕೇಳುತ್ತದೆ: ‘ಹತ್ತಿಸೋದು ಇಪ್ಪತ್ತಮೂರು, ಇಳಿಸೋದೂ ಇಪ್ಪತ್ತಮೂರು. ನಡುವಿನ ದಾರಿ ನಿಂದು.’

ಒಂದೂವರೆ ವರ್ಷದ ಹಿಂದೆ ಈ ಪ್ರಾರ್ಥನೆಯಲ್ಲಿ ಇಪ್ಪತ್ತೆರಡು ಎಂದಿತ್ತು. ಹೊಸ ಮಗು ಯಾವುದೂ ಸೇರಿಲ್ಲ. ಆದರೂ ಲೆಕ್ಕ ಒಂದು ಹೆಚ್ಚಿದೆ. ಅದು ಹೆಚ್ಚಿದ ಬಗೆಯನ್ನು ಹೇಳುವಾಗ ಇವರ ದನಿ ಇವತ್ತಿಗೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹೇಳಿ ಮುಗಿಸಿದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟು ಹಗುರಾಗುತ್ತಾರೆ.

ಬಡಾವಣೆಗೆಲ್ಲ ಇವರು ‘ವ್ಯಾನ್ ಆಂಟಿ’. ವಯಸ್ಸು ನಲವತ್ತರ ಆಸುಪಾಸು. ಎರಡು ಶಾಲಾ ವ್ಯಾನುಗಳ ಒಡತಿ. ಒಂದನ್ನು ತಾವೇ ಓಡಿಸುತ್ತಾರೆ, ಇನ್ನೊಂದನ್ನು ಇವರೇ ಕಲಿಸಿ ತಯಾರು ಮಾಡಿದ ಚಾಲಕಿ ಓಡಿಸುತ್ತಾಳೆ. ಎರಡೂ ಸೇರಿ ನಲವತ್ತೊಂದು ಮಕ್ಕಳು, ಮೂವತ್ತು ಸ್ಟಾಪು. ಇವರ ಪಾಲಿನ ದಾರಿಯೇ ದಿನಕ್ಕೆ ನಲವತ್ತಾರು ಕಿಲೋಮೀಟರು. ಎಂಟು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಿಲ್ಲ.

ಮೊದಲು ಇವರು ಬೇರೊಬ್ಬರ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಆಗಿದ್ದವರು. ಅದರ ಮುದಿ ಚಾಲಕನಿಗೆ ಕಣ್ಣು ಮಂಜಾಗತೊಡಗಿದಾಗ ಆತ ಕರೆದು ಹೇಳಿದನಂತೆ: ‘ದಾರಿ ನಿನಗೆ ಗೊತ್ತು, ಮಕ್ಕಳು ನಿನಗೆ ಗೊತ್ತು. ಗೇರು ಒಂದು ಕಲಿತುಬಿಡು ತಾಯಿ.’ ಕಲಿತದ್ದು ಊರಾಚೆಯ ಖಾಲಿ ಬಯಲಿನಲ್ಲಿ. ಪಕ್ಕದಲ್ಲಿ ಧೈರ್ಯ ಹೇಳಲು ಕೂತಿದ್ದವರು ಗಂಡ, ವೃತ್ತಿಯಲ್ಲಿ ದರ್ಜಿ. ಆ ಒಂದು ತಿಂಗಳೂ ಅವರು ಕಣ್ಣು ಬಿಟ್ಟದ್ದೇ ಇಲ್ಲ ಎಂದು ಹೆಂಡತಿ ನಗುತ್ತಾರೆ. ಕಣ್ಣು ಬಿಟ್ಟಿದ್ದರೆ ಧೈರ್ಯ ಹೇಳಲು ಆಗುತ್ತಿರಲಿಲ್ಲ ಎನ್ನುವುದು ಗಂಡನ ಸಮಜಾಯಿಷಿ.

ವ್ಯಾನು ಕೈಗೆ ಬಂದ ವಾರವೇ ಹನ್ನೊಂದು ಮನೆಯವರಲ್ಲಿ ಏಳು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ಹೆಂಗಸು ಓಡಿಸುವ ಗಾಡಿ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನೆಂಟರು ಬಿಟ್ಟು ಬರುತ್ತಾರೆ, ಸೈಕಲ್ ಕೊಡಿಸಿದ್ದೇವೆ ಎಂದು ಸಬೂಬು ಹೇಳಿದರು. ಉಳಿದ ನಾಲ್ವರಲ್ಲಿ ಒಬ್ಬ ತಂದೆ ದಿನವೂ ಸ್ಕೂಟರಿನಲ್ಲಿ ವ್ಯಾನಿನ ಬೆನ್ನಿಗೇ ಬರುತ್ತಿದ್ದರು. ಎಂಟು ದಿನ ಹೀಗೇ. ಒಂಬತ್ತನೇ ದಿನ ಪಕ್ಕಕ್ಕೆ ಬಂದು, ಕೈ ಬೀಸಿ, ತಮ್ಮ ಕೆಲಸದ ದಾರಿ ಹಿಡಿದರು. ‘ಅವತ್ತು ಜೋರಾಗಿ ಹಾರ್ನ್ ಹೊಡೆದುಬಿಡೋಣ ಅನ್ನಿಸ್ತು. ಮಕ್ಕಳು ಮಲಗಿದ್ವು, ಸುಮ್ಮನಾದೆ.’

ನಾಲ್ಕು ತುಂಬಿದಾಗ ಇವರ ಮಗಳೂ ಅದೇ ಶಾಲೆಗೆ, ಅದೇ ವ್ಯಾನಿಗೆ ಬಂದಳು. ಅಮ್ಮನ ವ್ಯಾನು ಎಂದಮೇಲೆ ಕೇಳಬೇಕೆ, ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ಮೊದಲ ತಿರುವಿನಲ್ಲೇ ‘ಅಮ್ಮಾ, ನಾಯಿ ನೋಡು’ ಎಂದು ಕೂಗಿದಳು. ಹಿಂದೆ ಕೂತಿದ್ದ ಪುಟ್ಟ ಮಗುವೊಂದರ ಕಿವಿಗೆ ನಾಯಿ ಬೀಳಲಿಲ್ಲ, ಅಮ್ಮಾ ಎಂಬುದಷ್ಟೇ ಬಿತ್ತು. ಅದಕ್ಕೆ ತನ್ನ ಅಮ್ಮನ ನೆನಪಾಗಿ ತುಟಿ ಸೊಟ್ಟಗಾಯಿತು. ಅದು ಅತ್ತದ್ದು ನೋಡಿ ಪಕ್ಕದ್ದು, ಪಕ್ಕದ್ದು ನೋಡಿ ಹಿಂದಿನದು. ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಒಂಬತ್ತು ಮಕ್ಕಳು ಒಂದೇ ಶ್ರುತಿಯಲ್ಲಿ ಅಳುತ್ತಿದ್ದವು.

ಮನೆಗೆ ಬಂದ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿಳಿಹೇಳಿದರು: ‘ವ್ಯಾನಲ್ಲಿ ಅಮ್ಮ ಅನ್ಬೇಡ ಕಂದ. ಅಲ್ಲಿ ನಾನು ಎಲ್ಲರಿಗೂ ಆಂಟಿ.’

‘ನನಗೂನಾ?’

‘ನಿನಗೂ.’

ಮುಂದಿನ ಸೀಟು ವಾಂತಿ ಮಾಡುವ ಪುಟ್ಟವರಿಗೆ ಮೀಸಲಾಯಿತು. ಮಗಳು ಕಟ್ಟಕಡೆಯ ಸಾಲಿನ ಕಿಟಕಿಗೆ ಹೋದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತುವವಳು, ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯುವವಳು. ಒಂದು ದಿನವೂ ತಪ್ಪಿ ಅಮ್ಮ ಎನ್ನಲಿಲ್ಲ. ಎಷ್ಟು ಜಾಣೆ ಎಂದು ತಾಯಿ ಹಿಗ್ಗಿದರು.

ದಂಧೆ ಕುದುರಿತು. ಬಿಟ್ಟುಹೋದ ಏಳು ಮನೆಯವರಲ್ಲಿ ಐದು ಮನೆಯವರು ಮರಳಿ ಬಂದರು, ಎರಡನೇ ವ್ಯಾನು ಬಂತು. ಅದರ ಜೊತೆಗೆ ಫೋನೂ ಬಂತು. ನಾಳೆ ನಮ್ಮ ಹುಡುಗ ಬರಲ್ಲ, ನೀರಿನ ಬಾಟಲಿಯ ಮುಚ್ಚಳ ಸಿಕ್ತಾ, ಇವಳ ಪಕ್ಕ ಅವನನ್ನು ಕೂರಿಸಬೇಡಿ. ಓಡುವ ಗಾಡಿಯಲ್ಲಿ ಫೋನು ಮುಟ್ಟುವುದಿಲ್ಲ ಎಂಬುದು ಇವರ ವ್ರತ. ಹಾಗಾಗಿ ಕರೆಗಳೆಲ್ಲ ಸ್ಟಾಪುಗಳಲ್ಲಿ, ಅಡುಗೆಮನೆಯಲ್ಲಿ, ತಟ್ಟೆಯ ಮುಂದೆ ಬಂದು ಬೀಳುತ್ತಿದ್ದವು. ಮಗಳು ಶಾಲೆಯ ಸುದ್ದಿ ತೆಗೆದರೆ ಕೈಯೆತ್ತಿ ‘ಒಂದು ನಿಮಿಷ’ ಎಂದು ಸನ್ನೆ. ಆ ನಿಮಿಷ ಮುಗಿಯುತ್ತಿರಲಿಲ್ಲ. ಅತ್ತೆ ಒಮ್ಮೆ ಚುಚ್ಚಿಯೇಬಿಟ್ಟರು: ‘ನಿನ್ನ ಹತ್ರ ಮಾತಾಡ್ಬೇಕಂದ್ರೆ ನಾನೂ ಒಂದು ಮಗೂನ ವ್ಯಾನಿಗೆ ಹಾಕ್ಬೇಕೇನೋ.’ ಸೊಸೆ ನಕ್ಕರು, ಫೋನು ಎತ್ತಿದರು.

ಇಷ್ಟರಲ್ಲಿ ಶಾಲೆಯವರು ಹೊಸ ಕಟ್ಟಡ ಕಟ್ಟಿ, ಅತ್ತಕಡೆಯ ಮಕ್ಕಳಿಗೆ ಮೂರನೇ ವ್ಯಾನು ಹಾಕಿಕೊಡಿ ಎಂದು ಕೇಳಿದರು. ಒಪ್ಪಂದದ ಕಾಗದ ಮನೆಗೆ ಬಂತು. ಸೋಮವಾರ ಸಹಿ ಎಂದು ಮಾತಾಗಿತ್ತು. ಆ ಹಿಂದಿನ ಶುಕ್ರವಾರವೇ ಅದು ನಡೆದದ್ದು.

ಶಾಲೆ ಬಿಟ್ಟಾಗ ಗೇಟಿನಲ್ಲಿ ತಲೆ ಮುಟ್ಟಿ ಎಣಿಸಿ ಒಳಗೆ ಬಿಡುವುದು ಇವರ ಪದ್ಧತಿ. ಅಂದೂ ಎಣಿಸಿದರು. ಇಪ್ಪತ್ತೆರಡು. ಬಾಗಿಲು ಹಾಕಿ ಹೊರಟರು. ಒಬ್ಬೊಬ್ಬರಾಗಿ ಇಳಿದರು. ಇಪ್ಪತ್ತೆರಡನೇ ಮಗು ನೀರಿನ ಟ್ಯಾಂಕಿನ ಬಳಿ ಇಳಿದು ತನ್ನ ಅಜ್ಜನ ಕೈ ಹಿಡಿಯಿತು. ಮನೆಯ ಕಡೆ ತಿರುಗುವ ಮುಂಚೆ ಕನ್ನಡಿಯಲ್ಲಿ ಹಿಂದೆ ನೋಡಿದರು. ಕೊನೆಯ ಸಾಲಿನ ಕಿಟಕಿಯ ಸೀಟು ಖಾಲಿ.

ಮಗಳು ಎಣಿಕೆಯಲ್ಲಿ ಎಂದೂ ಇರಲೇ ಇಲ್ಲ. ಪರರ ಮಕ್ಕಳನ್ನು ಎಣಿಸಬೇಕು, ತನ್ನದು ವ್ಯಾನಿನ ಜೊತೆಗೇ ಇರುತ್ತದಲ್ಲ. ಅಂದು ಅವಳು ಬಿಟ್ಟುಬಂದ ನೀರಿನ ಬಾಟಲಿ ತರಲು ತರಗತಿಗೆ ವಾಪಸು ಓಡಿದ್ದಳು. ಬಂದು ನೋಡಿದರೆ ವ್ಯಾನಿಲ್ಲ. ಶಾಲೆಯ ಕಾವಲುಗಾರ ತನ್ನ ಕುರ್ಚಿ ಕೊಟ್ಟು ಕೂರಿಸಿ ನಾಲ್ಕು ಸಲ ಫೋನು ಮಾಡಿದ್ದ. ಎರಡು ಸಲ ವ್ಯಾನು ಓಡುತ್ತಿತ್ತು, ಇವರು ಎತ್ತಲಿಲ್ಲ. ಇನ್ನೆರಡು ಸಲ ಸ್ಟಾಪಿನಲ್ಲಿ ಅದೇ ಫೋನಿನಲ್ಲಿ ಇನ್ಯಾರದೋ ಮಗುವಿನ ಕಾಲುಚೀಲದ ಮಾತು ನಡೆದಿತ್ತು.

ಟ್ಯಾಂಕಿನ ಬಳಿಯೇ ಗಾಡಿ ತಿರುಗಿಸಿ ಶಾಲೆಯ ಕಡೆ ಹೊರಟರು. ಅರ್ಧ ಗಂಟೆಯ ದಾರಿ. ಗೇಟಿನಲ್ಲಿ ಮಗಳು ಕುರ್ಚಿಯ ತುದಿಯಲ್ಲಿ ಕಾಲು ಜೋಡಿಸಿಕೊಂಡು ಕೂತಿದ್ದಳು. ಅತ್ತ ಗುರುತೂ ಇರಲಿಲ್ಲ. ಎದ್ದು ಚೀಲ ಹೆಗಲಿಗೇರಿಸಿ ಹೇಳಿದಳು: ‘ಪರವಾಗಿಲ್ಲ ಆಂಟಿ. ನಿಮಗೆ ಲೇಟಾಯ್ತಾ?’

ಸುತ್ತ ಬೇರೆ ಒಂದು ಮಗುವೂ ಇರಲಿಲ್ಲ. ಯಾರನ್ನೂ ಅಳಿಸುವ ಭಯವಿಲ್ಲದ ಜಾಗದಲ್ಲೂ ಅವಳ ಬಾಯಿಗೆ ಆಂಟಿಯೇ ಬಂದಿತ್ತು. ಜೊತೆಗೆ ‘ನಿಮಗೆ’. ಮನೆಯಲ್ಲಿ ಇನ್ನೂ ಅಮ್ಮ ಎನ್ನುತ್ತಿದ್ದಳೇ? ಹಾಗೆ ಕರೆದದ್ದನ್ನು ಕೊನೆಯ ಸಲ ಕೇಳಿದ್ದು ಯಾವಾಗ? ತಾಯಿಗೆ ನೆನಪಾಗಲಿಲ್ಲ.

ವ್ಯಾನು ಹತ್ತಿ ತನ್ನ ಕೊನೆಯ ಸೀಟಿಗೇ ಹೋಗಿ ಕೂತವಳು ದಾರಿಯಲ್ಲಿ ಕೇಳಿದ್ದು ಒಂದೇ ಮಾತು: ‘ಹೊರಡೋವಾಗ ಎಣಿಸ್ಲಿಲ್ವಾ?’

‘ಎಣಿಸಿದೆ. ಸರಿಯಾಗೇ ಇತ್ತು.’

ಬಾಯಿಂದ ಬಿದ್ದ ಮೇಲೆ ಆ ಮಾತು ತಾಯಿಯ ಕಿವಿಗೆ ತಾಕಿತು. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರಂತೆ.

ಸೋಮವಾರ ಸಹಿ ಬೀಳಲಿಲ್ಲ. ಮೂರನೇ ವ್ಯಾನು ಬೇಡವೆಂದಲ್ಲ, ಈಗ ಬೇಡ ಎಂದರು. ‘ಹಾಗಂದ್ರೆ ಆಕಾಶ ಕಳಚಿ ಬೀಳುತ್ತೆ ಅನ್ಕೊಂಡಿದ್ದೆ. ಮನೆಗೆ ಬಂದು ನೋಡ್ತೀನಿ, ಎಲ್ಲಾ ಇದ್ದಲ್ಲೇ ಇದೆ. ಅವತ್ತು ಮಧ್ಯಾಹ್ನ ನಿದ್ದೆ ಮಾಡ್ದೆ ನೋಡಿ, ಎಷ್ಟು ವರ್ಷದ್ದೋ ಏನೋ.’

ಅದಾದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಅದರ ಬೆನ್ನಿಗೆ ದಾರಿಯನ್ನು ಹೊಸದಾಗಿ ಬರೆದರು. ಎರಡನೇ ವ್ಯಾನಿನ ಚಾಲಕಿ ದೂರದ ಎರಡು ಸ್ಟಾಪುಗಳನ್ನು ತನಗೆ ಹಾಕಿಕೊಂಡು, ತನ್ನ ಎರಡು ಹತ್ತಿರದ ಸ್ಟಾಪುಗಳನ್ನು ಇವರಿಗೆ ಬಿಟ್ಟುಕೊಟ್ಟಳು. ತನ್ನ ಮನೆ ಆ ಕಡೆಯೇ ಇರುವುದರಿಂದ ಇದರಲ್ಲಿ ತ್ಯಾಗ ಗೀಗ ಏನಿಲ್ಲ ಎಂದು ಆಕೆಯೇ ಹೇಳುತ್ತಾಳೆ. ಈಗ ಟ್ಯಾಂಕಿನ ಬಳಿಯ ಮಗು ಐದು ಗಂಟೆಗೆಲ್ಲ ಮನೆ ಸೇರುತ್ತದೆ. ಅಲ್ಲಿಂದ ಮನೆಗೆ ಹನ್ನೊಂದು ನಿಮಿಷ, ನಡುವೆ ಒಂದು ಸಿಗ್ನಲ್ಲು.

ಮತ್ತೆ ಫೋನು? ಅದು ಸಂಜೆಯಾದರೆ ಅತ್ತೆಯ ಕೈಯಲ್ಲಿ. ಈ ವ್ಯವಸ್ಥೆಯ ಬಗ್ಗೆ ಮೊದಲು ಎಲ್ಲರಿಗೂ ಅಳುಕಿತ್ತು. ಅತ್ತೆ ಕರೆ ಮಾಡಿದವರನ್ನು ಸುಲಭಕ್ಕೆ ಬಿಡುವವರಲ್ಲ. ಮಗುವಿಗೆ ಕೆಮ್ಮು ವಾಸಿಯಾಯಿತೇ, ಮನೆಯಲ್ಲಿ ಯಾರ್ಯಾರಿದ್ದೀರಿ, ನಿಮ್ಮ ಅತ್ತೆಯ ಮಂಡಿನೋವು ಹೇಗಿದೆ ಎಂದು ಒಂದೊಂದನ್ನೂ ಸಾವಕಾಶವಾಗಿ ವಿಚಾರಿಸುತ್ತಾರೆ. ಬಾಟಲಿಯ ಮುಚ್ಚಳ ಕೇಳಲು ಫೋನು ಮಾಡಿದ ತಾಯಿಯೊಬ್ಬರು ಇಪ್ಪತ್ತು ನಿಮಿಷ ಮಂಡಿನೋವಿನ ಮದ್ದು ಕೇಳಿಸಿಕೊಂಡರು. ತಿಂಗಳೊಳಗೆ ಕರೆಗಳು ಅರ್ಧಕ್ಕಿಳಿದವು. ‘ತೀರಾ ಬೇಕಾದ್ರೆ ಮಾತ್ರ ಮಾಡ್ತಾರೆ ಈಗ’ ಎನ್ನುತ್ತಾರೆ ಅತ್ತೆ, ಬಿಂಕದಿಂದ. ‘ಇವಳಿಗೆ ಆರೇಳು ವರ್ಷದಲ್ಲಿ ಆಗದ್ದು ನನಗೆ ಒಂದೇ ತಿಂಗಳಲ್ಲಿ ಆಯ್ತು.’

ಇಷ್ಟೆಲ್ಲ ಮಾಡಿದ ಮೊದಲ ಸಂಜೆ, ಟ್ಯಾಂಕಿನ ಬಳಿ ಕೊನೆಯ ಮಗು ಇಳಿದ ಮೇಲೆ, ಇವರು ಮುಂದಿನ ಸೀಟನ್ನು ಒರೆಸಿ ಹಿಂದೆ ತಿರುಗಿ ಬಾ ಎಂದರು. ಮಗಳು ಪರವಾಗಿಲ್ಲ ಎಂದಳು. ಮರುದಿನವೂ ಪರವಾಗಿಲ್ಲ. ಎರಡು ವಾರ ಮುಂದಿನ ಸೀಟು ಖಾಲಿಯೇ ಬಂತು. ಇವರು ಒತ್ತಾಯ ಮಾಡಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ದಿನವೂ ಸೀಟು ಒರೆಸಿದರು, ಹನ್ನೊಂದು ನಿಮಿಷ ಸುಮ್ಮನೆ ಓಡಿಸಿದರು. ಗೇಟಿನಲ್ಲಿ ಮಾತ್ರ ಎಣಿಕೆ ಬದಲಾಗಿತ್ತು. ಎಲ್ಲರ ತಲೆ ಮುಟ್ಟಿದ ಮೇಲೆ ಅದೇ ಕೈ ಮಗಳ ತಲೆಯ ಮೇಲೂ ಇಳಿಯುತ್ತಿತ್ತು, ಬಾಯಿ ದೊಡ್ಡದಾಗಿ ‘ಇಪ್ಪತ್ತಮೂರು’ ಎನ್ನುತ್ತಿತ್ತು.

ಮೂರನೇ ವಾರದ ಒಂದು ಸಂಜೆ, ಕೊನೆಯ ಮಗು ಇಳಿದು ಟ್ಯಾಂಕು ದಾಟುತ್ತಿದ್ದಂತೆ, ಹಿಂದಿನಿಂದ ಬೆಲ್ಟು ಬಿಚ್ಚಿದ ಸದ್ದಾಯಿತು. ಗಾಡಿ ನಿಲ್ಲಿಸಿದರು. ಮಗಳು ನಡೆದು ಬಂದು ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ನೇರ ರಸ್ತೆಯನ್ನೇ ನೋಡುತ್ತ ಕೇಳಿದಳು:

‘ಆಂಟಿ ಇಳಿದ್ರಾ?’

ತಾಯಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ‘ಇಳಿದ್ರು’ ಎಂದರು.

‘ಹಂಗಾದ್ರೆ ಅಮ್ಮ, ನಿನಗೊಂದು ವಿಷ್ಯ ಹೇಳ್ಬೇಕು.’

ಆ ವಿಷಯ ಏನೆಂದು ಇವರು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅಂದಿನಿಂದ ಒಂದು ಸಂಜೆಯೂ ಆ ಸೀಟು ಖಾಲಿ ಬಂದಿಲ್ಲ. ಹನ್ನೊಂದು ವರ್ಷದ ಮಗಳ ಬಳಿ ಈಗ ಹನ್ನೊಂದು ನಿಮಿಷಕ್ಕೆ ಹಿಡಿಸದಷ್ಟು ಸುದ್ದಿ. ಕೆಲವು ದಿನ ಮನೆಯ ತಿರುವು ಹತ್ತಿರ ಬರುತ್ತಿದ್ದಂತೆ ಅವಳೇ ಗದರುತ್ತಾಳಂತೆ: ‘ಸ್ವಲ್ಪ ನಿಧಾನ ಓಡ್ಸೇ ಅಮ್ಮ, ಇನ್ನೂ ಮುಗಿದಿಲ್ಲ.’

ಆರೂವರೆ ದಾಟಿದೆ. ಮನೆಯ ಬಾಗಿಲಲ್ಲಿ ಗಂಡ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಅವರ ಹಿಂದಿನಿಂದ ಮಗಳು ಚೀಲ ಎಳೆದುಕೊಂಡು ಬಂದು ವ್ಯಾನಿನ ಮೆಟ್ಟಿಲ ಬಳಿ ತಲೆ ಬಗ್ಗಿಸಿ ನಿಲ್ಲುತ್ತಾಳೆ. ತಾಯಿ ತಲೆ ಮುಟ್ಟಿ ‘ಒಂದು’ ಎನ್ನುತ್ತಾರೆ. ಬೆಳಗಿನ ಎಣಿಕೆ ಅವಳಿಂದಲೇ ಶುರು. ‘ಗುಡ್ ಮಾರ್ನಿಂಗ್ ಆಂಟಿ’ ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿ, ಅವಳು ಹಿಂದಿನ ಕಿಟಕಿಗೆ ನಡೆಯುತ್ತಾಳೆ. ಇಬ್ಬರ ತುಟಿಯ ಅಂಚಿನಲ್ಲೂ ನಗು ಇದೆ.

ಮೂರನೇ ವ್ಯಾನಿನ ಮಾತು ಮತ್ತೆ ಬಂದಿದೆ. ಈ ಸಲ ಎರಡನೇ ಚಾಲಕಿಯನ್ನು ಪಾಲುದಾರಳಾಗಿ ಮಾಡಿಕೊಂಡು, ಹೊಸ ಕಟ್ಟಡದ ಹೊಣೆಯನ್ನು ಅವಳಿಗೇ ಬಿಡುವ ಯೋಚನೆಯಿದೆ. ಅದಾದರೆ ಆಯಿತು, ಆಗದಿದ್ದರೆ ಇಲ್ಲ. ತಮಗಾಗಿ ಬೇಡುವುದು ಏನಾದರೂ ಇದೆಯೇ ಎಂದು ಕೇಳಿದರೆ ಕೀಲಿ ತಿರುಗಿಸುತ್ತ ನಗುತ್ತಾರೆ.

‘ಗಾಡಿ ಓಡಿಸೋರೆಲ್ಲ ಹಸಿರು ಬೀಳ್ಲಿ ಅಂತ ಬೇಡ್ಕೋತಾರೆ. ನಂದು ಉಲ್ಟಾ. ಸಂಜೆ, ಟ್ಯಾಂಕ್ ದಾಟಿದ ಮೇಲಿನ ಆ ಒಂದು ಸಿಗ್ನಲ್ ಇದೆಯಲ್ಲ, ಅದು ದಿನಾ ಕೆಂಪು ಬಿದ್ರೆ ಸಾಕು.’