ಚಿಲುಮೆಯ ಮೇಲೆ ಬಿದ್ದ ಸುತ್ತಿಗೆ

ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಶ್ರೀನಿವಾಸಪುರದ ಕಡೆಯ ಒಂದು ಕೆರೆ ಆಗಷ್ಟೇ ಒಣಗಿತ್ತು. ಅದರ ತಳದಲ್ಲಿ ಕೂತ ಗೋಡು ಮಣ್ಣಿನ ಅಡಿಯಲ್ಲಿ ಚಿನ್ನವಿರುವ ಕಲ್ಲು ಇದೆಯೇ ಎಂದು ಹುಡುಕಲು ಹೋದ ತಂಡದಲ್ಲಿ ನಾನು ದಿನಗೂಲಿ ಸಹಾಯಕ. ನೆಲದ ಮೇಲೆ ಕಬ್ಬಿಣದ ತಟ್ಟೆಯಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಿದ್ದೆವು. ಸಾಲಾಗಿ ನೆಟ್ಟ ಪುಟ್ಟ ಯಂತ್ರಗಳಿಗೆ ಕಂಪನ ಎಷ್ಟು ಬೇಗ ತಲುಪಿತೆಂದು ಕಾಗದದ ಮೇಲೆ ಗೀಟು ಬೀಳುತ್ತಿತ್ತು. ಗಟ್ಟಿ ಬಂಡೆಯಲ್ಲಿ ಕಂಪನ ಓಡುತ್ತದೆ, ಸಡಿಲ ನೆಲದಲ್ಲಿ ತೆವಳುತ್ತದೆ. ಇಷ್ಟೇ ವಿದ್ಯೆ. ಅದಕ್ಕೆ ನಮ್ಮ ಸಾಹೇಬರ ಗತ್ತು ನೋಡಬೇಕಿತ್ತು!

ಒಂದು ಕಡೆ ಕಂಪನ ತೀರಾ ತಡವಾಗಿ ಬಂತು. "ಕೆಳಗೆ ಬಂಡೆ ಒಡೆದಿದೆ. ಅದಿರು ಇದ್ರೆ ಇಲ್ಲೇ ಇರೋದು," ಎಂದು ಸಾಹೇಬರು ಹಿಗ್ಗಿದರು.

ಅಷ್ಟರಲ್ಲಿ ನೀರುಗಂಟಿ, ಅಂದರೆ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಮುದುಕ, ತೂಬಿನಿಂದ ಹೆಜ್ಜೆ ಎಣಿಸುತ್ತಾ ನಮ್ಮತ್ತ ಬರತೊಡಗಿದ. ಅವನ ಒಂದೊಂದು ಹೆಜ್ಜೆಯೂ ನಮ್ಮ ಕಾಗದದಲ್ಲಿ ಗೀಚಿಕೊಂಡಿತು.

"ಏಯ್, ಅಲ್ಲೇ ನಿಂತ್ಕೊಳ್ಳಯ್ಯಾ! ರೆಕಾರ್ಡೆಲ್ಲಾ ಹಾಳಾಯ್ತು!" ಎಂದು ಸಾಹೇಬರು ಕೂಗಿದರು.

"ಸಾಮಿ, ಅಲ್ಲಿ ನಮ್ಮ ಚಿಲುಮೆ ಐತೆ. ಬೇಸಿಗೇಲಿ ಊರೆಲ್ಲಾ ಅಲ್ಲೇ ತೋಡಿ ಕುಡಿಯೋದು. ಮಳೆಗೆ ಮುಂಚೆ ಮರಳು ತುಂಬಿ ಮುಚ್ತೀವಿ, ಈ ಸಲ ಇನ್ನೂ ತೋಡಿಲ್ಲ. ತೂಬಿನಿಂದ ಎಷ್ಟು ಹೆಜ್ಜೆ ಅಂತ ಎಣಿಸಿ ಜಾಗ ತೋರಿಸ್ತೀನಿ..."

"ನಿಲ್ಲು ಅಂದ್ರೆ ನಿಲ್ಲು!"

ಮುದುಕ ನಿಂತ. ಅವನು ಕಾಲಿಟ್ಟರೆ ತಪ್ಪು, ಬಾಯಿ ಬಿಟ್ಟರೆ ತಪ್ಪು. ಅವನ ಕೆರೆಯಲ್ಲಿ ಅವನೇ ಅಪರಾಧಿ! ಮರಳು ತುಂಬಿದ ಗುಂಡಿಯಲ್ಲೂ ಕಂಪನ ತೆವಳುತ್ತದೆಂದು ನನಗೆ ಆ ಕ್ಷಣವೇ ಹೊಳೆದಿತ್ತು. ಕೆಲಸ ಹೋದೀತೆಂದು ತುಟಿ ಬಿಚ್ಚಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ವಾರದೊಳಗೆ ಕೊರೆಯುವ ಯಂತ್ರ ಬಂತು. ಗೋಡು ದಾಟುತ್ತಲೇ ತೊಳೆದಿಟ್ಟಂಥ ಹೊಳೆ ಮರಳು, ಹಿಂದೆಯೇ ನೀರು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತ್ತಂತೆ! ಸಾಹೇಬರು ಮುಖ ಗಂಟಿಕ್ಕಿಕೊಂಡು ಜೀಪು ಹತ್ತಿದರು. ಯಂತ್ರದಿಂದ ಸೋರಿದ ಡೀಸೆಲ್ ಅಷ್ಟೂ ಆ ಮರಳಿಗೆ ಇಳಿದಿತ್ತು.

ಬಿಂದಿಗೆ ತಂದ ಹೆಂಗಸರು ಬೊಗಸೆಯಲ್ಲಿ ನೀರೆತ್ತಿ ಮೂಸಿದರು, ಚೆಲ್ಲಿದರು. ಖಾಲಿ ಬಿಂದಿಗೆ ಹೊತ್ತು ಪಕ್ಕದೂರಿನ ದಾರಿ ಹಿಡಿದರು.

ನಾನು ಆ ಪುಟ್ಟ ಯಂತ್ರಗಳ ತಂತಿ ಸುತ್ತುತ್ತಿದ್ದೆ. ನೀರುಗಂಟಿ ತೂಬಿನ ಹತ್ತಿರವೇ ನಿಂತಿದ್ದ.

"ಸಾಮಿ," ಎಂದ, "ಇನ್ನು ನಾನು ಓಡಾಡ್ಬೋದಾ?"