ಕೆಂಪು ಶಾಯಿಗೆ ಬಗ್ಗದ ಶ್ರೀಮತಿ

ಅರಸೀಕೆರೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಾರನಹಳ್ಳಿಯ ಮೊದಲ ಬಸ್ಸಿಳಿದ ಮೀನಾಕ್ಷಿ, ಟೀ ಅಂಗಡಿಯಲ್ಲಿ ಇಟ್ಟುಹೋಗಿದ್ದ ಟೈಪ್‌ರೈಟರನ್ನು ಸೊಂಟಕ್ಕೇರಿಸಿಕೊಂಡು ಬಂದು ಸರ್ಕಾರಿ ಕಚೇರಿಯೊಂದರ ಎದುರಿನ ಹೊಂಗೆ ಮರದಡಿ ಕೂರುತ್ತಾರೆ. ಗುಂಡುಪಿನ್ನಿನಿಂದ ಅಚ್ಚುಗಳ ಸಂದಿಯ ಕೊಳೆ ಕೀಳುತ್ತಾರೆ. ಕಚೇರಿ ಬಾಗಿಲು ತೆಗೆಯುವಷ್ಟರಲ್ಲಿ ನಾಲ್ಕು ಅರ್ಜಿ ಮುಗಿದಿರುತ್ತವೆ. ದಿನಕ್ಕೆ ಇಪ್ಪತ್ತೈದು, ಮೂವತ್ತು. ಅದರಲ್ಲಿ ಹತ್ತಾದರೂ ಹೆಂಗಸರವು.

ಈ ಮಿಷನ್ನು ಗಂಡ ದೇವರಾಜ್ ಅವರದು. ತೊಂಬತ್ತನಾಲ್ಕರಲ್ಲಿ ಅವರು ತೀರಿಕೊಂಡ ಮರುತಿಂಗಳೇ ನೆಂಟರ ಮದುವೆ ಕಾಗದ ಬಂತು. ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಮೊದಲೇ ಬರೆದಿಟ್ಟಿದ್ದರು. ಸತ್ತವರ ಹೆಸರು ಹೊಡೆದುಹಾಕಿದ್ದರು, ಹೋಗಲಿ. ಬದುಕಿದ್ದವರ ಹೆಸರಿನ ಹಿಂದಿನ ‘ಶ್ರೀಮತಿ’ಯನ್ನೂ ಹೊಡೆದುಹಾಕಿದ್ದರು.

“ಹೊಸ ಲಕೋಟೆಗೂ ಬರ ಬಂದಿತ್ತಾ ಅವರ ಮನೇಲಿ? ಅವತ್ತು ಅಳು ಬರ್ಲಿಲ್ಲ ಕಣ್ರೀ, ಮೈಯೆಲ್ಲ ಉರೀತು,” ಎನ್ನುತ್ತಾರೆ ಮೀನಾಕ್ಷಿ.

ಆ ಉರಿ ಎಂಟು ವರ್ಷವಾದರೂ ಆರಿಲ್ಲ, ಆರಬೇಕಾಗಿಯೂ ಇಲ್ಲ. ಗಂಡ ಸತ್ತವರಿರಲಿ, ಬಿಟ್ಟುಹೋದವರಿರಲಿ, ಎದುರು ಕೂತ ಹೆಂಗಸಿಗೆ ಅವರು ಶ್ರೀಮತಿ ಎಂದೇ ಹೊಡೆಯುತ್ತಾರೆ. ಮದುವೆಯಾಗದವರನ್ನು ಮಾತ್ರ ಕೇಳಿ, ಅವರು ಹೇಳಿದಂತೆ.

ಹೋದ ಬೇಸಿಗೆಯಲ್ಲಿ ಹಾರನಹಳ್ಳಿಯ ಲಕ್ಕಮ್ಮ ಬಂದರು. ಗಂಡ ಗಿಡ್ಡಯ್ಯ ತೀರಿಕೊಂಡಿದ್ದ, ಮನೆಯ ಹಕ್ಕುಪತ್ರ ತಮ್ಮ ಹೆಸರಿಗಾಗಬೇಕಿತ್ತು. ಅರ್ಜಿ ಕೊಡಲು ಶುಕ್ರವಾರ ಕಡೆಯ ದಿನ. ಗುಮಾಸ್ತ ಗಂಗಾಧರಪ್ಪ ಅರ್ಜಿ ನೋಡಿದವನೇ ಕೆಂಪು ಶಾಯಿಯಲ್ಲಿ ‘ಶ್ರೀಮತಿ’ಗೆ ಗೀಟು ಎಳೆದು ವಾಪಸ್ ಎಸೆದ. “ಗಂಡ ಸತ್ತೋಳಿಗೆಂಥ ಶ್ರೀಮತಿ? ತೆಗೆದುಹಾಕಿಸ್ಕೊಂಡು ಬಾ, ತಗೋತೀನಿ.” ಮೀನಾಕ್ಷಿ ಮತ್ತೆ ಹಾಗೆಯೇ ಹೊಡೆದುಕೊಟ್ಟರು. ಮತ್ತೆ ಗೀಟು. ಅಷ್ಟರಲ್ಲಿ ಶುಕ್ರವಾರ ಬಂತು.

“ಶ್ರೀಮತಿ ಬಿಟ್ಟು ಹೊಡೀಲಾ ಅಜ್ಜಿ? ನನ್ನ ಹಟಕ್ಕೆ ನಿಮ್ಮ ಮನೆ ಹೋಗ್ಬಾರ್ದು.”

ಲಕ್ಕಮ್ಮ ಎಲೆಯಡಿಕೆ ಉಗಿದು ಬಂದು ಹೇಳಿದರು: “ಸತ್ತೋನು ಅವನು. ನಾನ್ಯಾಕವ್ವ ಸಣ್ಣೋಳಾಗ್ಲಿ? ಹಂಗೇ ಇರ್ಲಿ.”

ಮೀನಾಕ್ಷಿ ಮಿಷನ್ನನ್ನು ಟೀ ಅಂಗಡಿಯವರ ಸುಪರ್ದಿಗೆ ಬಿಟ್ಟು ಲಕ್ಕಮ್ಮನನ್ನು ಕರೆದುಕೊಂಡು ತಾವೇ ಒಳಗೆ ಹೋದರು. “ತಗೊಳ್ಳಲ್ಲ ಅಂದ್ರೆ ಹಿಂಬರಹ ಕೊಡಿ ಸಾರ್.” ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದುಕೊಡಬೇಕು, ಅದೇ ಹಿಂಬರಹ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಗಂಗಾಧರಪ್ಪ ಸಿಡುಕುತ್ತಲೇ ಪರಪರನೆ ಗೀಚಿ, ಸೀಲು ಒತ್ತಿ ಕೊಟ್ಟ.

ಮೀನಾಕ್ಷಿ ಗಟ್ಟಿಯಾಗಿ ಓದಿದರು: “ಶ್ರೀಮತಿ ಲಕ್ಕಮ್ಮ ಕೋಂ ಲೇಟ್ ಗಿಡ್ಡಯ್ಯ, ಹಾರನಹಳ್ಳಿ, ಇವರಿಗೆ ತಿಳಿಯಪಡಿಸುವುದೇನೆಂದರೆ...”

ಹಿಂಬರಹಗಳಲ್ಲಿ ಶ್ರೀಮತಿ ಎಂದು ಬರೆದು ಬರೆದು ಗಂಗಾಧರಪ್ಪನಿಗೆ ಇಪ್ಪತ್ತು ವರ್ಷದ ಕೈ ರೂಢಿ. ಅವನ ಕೊಬ್ಬಿಗೆ ಆ ಕೈಯನ್ನು ತಡೆಯಲು ಪುರುಸೊತ್ತಾಗಿರಲಿಲ್ಲ. ಕಾಗದ ಕಿತ್ತುಕೊಳ್ಳಲು ಅವನು ಏಳುವಷ್ಟರಲ್ಲಿ ಲಕ್ಕಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಆಗಿತ್ತು. ಗುಮಾಸ್ತ ಅರ್ಜಿ ತೆಗೆದುಕೊಂಡ.

ತಪ್ಪಾಯಿತು ಅನ್ನಲಿಲ್ಲ. ಬೇರೆಯವರು ಹೊಡೆದುಕೊಟ್ಟ ಅರ್ಜಿಗಳ ಮೇಲೆ ಆ ಕೆಂಪು ಶಾಯಿ ಇವತ್ತಿಗೂ ಓಡುತ್ತಿದೆ, ಕೇಳುವವರಿಲ್ಲ. ಲಕ್ಕಮ್ಮನ ಹಕ್ಕುಪತ್ರ ಬಂದಿದೆ. ಹಿಂಬರಹವನ್ನು ಅವರು ಅದರ ಜೊತೆಗೇ ಟ್ರಂಕಿನಲ್ಲಿಟ್ಟಿದ್ದಾರೆ.

ನಿಮಗೇನು ಬೇಕು ಎಂದರೆ ಮೀನಾಕ್ಷಿ ಹಾಳೆ ಸುತ್ತುತ್ತಾ ತಲೆಯೆತ್ತದೆ ಹೇಳುತ್ತಾರೆ: “ನನ್ನ ಹೆಸರಿಗೊಂದು ಮದುವೆ ಕಾಗದ ಬರ್ಲಿ. ಹೋಗೋದು ಬಿಡೋದು ಆಮೇಲೆ. ಲಕೋಟೆ ಮೇಲೆ ಗೀಟು ಇರ್ಬಾರ್ದು, ಅಷ್ಟೆ.”